ತೊಗರಿ ರಾಶಿಗೂ ಮೊದಲಿನ ಮದುವೆ

ಆಗಸ್ಟ್ 14, ಬುಧವಾರ. ಕಲಬುರಗಿ.

ಕೇಳಿರಿ, ಕೇಳಿರಿ! ಮುಂದಿನ ಸಾಲಿನ ಹಿರಿಯರೇ, ಚಾಪೆಯ ಮೇಲಿನ ತಾಯಂದಿರೇ, ಬೇವಿನ ಗಿಡ ಏರಿ ಕೂತು ಸಿಳ್ಳೆ ಹಾಕುವ ಮಹಾಶಯರೇ! ಪರದೆ ಮೇಲೇಳುತ್ತಿದೆ, ಗದ್ದಲ ಮಾಡಬೇಡಿರಿ...

ಗದ್ದಲ ಮಾಡುವವರು ಯಾರೂ ಇಲ್ಲ. ಎದುರಿಗೆ ಸಲೈನ್ ಸ್ಟ್ಯಾಂಡುಗಳ ಸಾಲು. ನಾನು ಕಾರಿಡಾರಿನ ಬೆಂಚಿನ ಮೇಲೆ. ಒಳಗೆ ನನ್ನ ಹೆಂಡತಿ ಗುರಮ್ಮ, ಮೂರನೇ ಕೀಮೋ. ಜೇವರ್ಗಿಯಿಂದ ಮೊದಲ ಬಸ್ಸು, ಚೀಟಿ, ಪಾಳಿ, ರಕ್ತ ಪರೀಕ್ಷೆ, ಮತ್ತೆ ಪಾಳಿ. ಮೂರು ವಾರಕ್ಕೊಮ್ಮೆ ಇದೇ ಪ್ರಯೋಗ — ಅದೇ ಅಂಕ, ಅದೇ ಪ್ರವೇಶ. ಊರೂರಿಗೆ ಹೋಗಿ ನಾಟಕ ಕಲಿಸಿ, ಬೆಳಗಿನ ತನಕ ನಿಂತು ಕೂಗಿದ ದೇಹ ಇದು. ಬೆಂಚಿನ ಮೇಲೆ ಸುಮ್ಮನೆ ಕೂತು ಇಷ್ಟು ದಣಿಯಬಹುದೆಂದು ಗೊತ್ತಿರಲಿಲ್ಲ.

ರೋಗ ಎಡ ಎದೆಯದು. ಡಾಕ್ಟರ್ ಮೃಣಾಲಿನಿ ಮೊದಲ ದಿನವೇ ಹೇಳಿದರು — ಹರ್-ಟೂ ಎಂಬ ಜಾತಿ, ಬಹಳ ಜೋರು ಬೆಳೆಯುವಂಥದ್ದು. ಅದರ ಮುಂದೆಯೂ ಏನೋ ಹೇಳಿದರು. ಹೊಸ ಇಂಜೆಕ್ಷನ್, ನಡುವೆ ಬಿಡಬೇಡಿ, ಹೀಗೇನೋ. ನಮ್ಮಿಬ್ಬರ ಕಿವಿಗೆ ಬಿದ್ದದ್ದು 'ಜೋರು' ಒಂದೇ.

ಗುರಮ್ಮನ ತಾಯಿಗೂ ಎದೆಯಲ್ಲೇ ಆಗಿತ್ತು. ಯಡ್ರಾಮಿಯಲ್ಲಿ. ತೊಗರಿ ಬಿತ್ತುವಾಗ ಗಂಟು, ರಾಶಿ ಮಾಡುವಾಗ ಮಣ್ಣು. ಗುರಮ್ಮನ ಪಂಚಾಂಗ ಅಷ್ಟೇ. ಈ ವರ್ಷದ ತೊಗರಿ ಈಗ ಮೊಣಕಾಲೆತ್ತರ. ಬಸ್ಸಿನ ಕಿಟಕಿಯಿಂದ ಅದನ್ನೇ ನೋಡುತ್ತ ಬಂದಳು.

ಆಗಸ್ಟ್ 18, ಭಾನುವಾರ.

ನಾಗಣ್ಣ ಬಂದಿದ್ದರು. ಗುರಮ್ಮನ ಅಣ್ಣ, ಯಡ್ರಾಮಿಯಲ್ಲಿ ಗೊಬ್ಬರದ ಅಂಗಡಿ. ತಂಗಿಯ ಬೋಳು ತಲೆ ನೋಡಿ ಬಾಗಿಲಲ್ಲೇ ಅತ್ತರು. ಚಹಾ ಕುಡಿದ ಮೇಲೆ ವಿಷಯಕ್ಕೆ ಬಂದರು.

"ಮಾಸ್ತರ, ಹೇಳಬಾರದು, ಆದ್ರ ಹೇಳ್ತೇನಿ. ನಮ್ಮವ್ವ ನನ್ನ ಮದಿವಿ ನೋಡ್ಲಿಲ್ಲ. ಇಕಿಗಾರ ಮಗಳ ತಲಿಮ್ಯಾಲ ಅಕ್ಕಿಕಾಳು ಹಾಕೂ ಭಾಗ್ಯ ಸಿಗಲಿ. ನನ್ನ ಮಗ ಸಂಜುಕುಮಾರ ಇದ್ದಾನ. ಹೊರಗಿನವ ಅಲ್ಲ."

"ಸೃಷ್ಟಿ ಇನ್ನಾ ಓದಾಕತ್ತಾಳ್ರಿ" ಅಂದೆ.

"ಓದು ಎಲ್ಲಿಗಿ ಓಡಿ ಹೋಗ್ತದ? ಮನ್ಯಾಗ ಒಂದು ಜೀವ ಹೋತಂದ್ರ ವರ್ಷದೊಳಗ ಮದಿವಿ ಮಾಡಬೇಕು, ಇಲ್ಲಾ ಮೂರು ವರ್ಷ ತಡೀಬೇಕು. ನಿಮಗ ಗೊತ್ತಿಲ್ಲೇನು?"

ಗುರಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳೆದುರಿಗೇ ಅವಳು ಸತ್ತ ಮೇಲಿನ ಲೆಕ್ಕ. ಕಡೆಗೆ ತೀರ್ಮಾನ ಕೊಟ್ಟವಳೂ ಅವಳೇ.

"ಅಣ್ಣ ಹೇಳೂದು ಖರೇ ಅದ. ತೊಗರಿ ರಾಶಿಗಿಂತ ಮೊದಲ ಆಗಿ ಹೋಗ್ಲಿ."

ಸೃಷ್ಟಿ ಒಲೆಯ ಹತ್ತಿರ ನಿಂತಿದ್ದಳು. ನಮಗೆ ಒಬ್ಬಳೇ ಮಗಳು. ಕಲಬುರಗಿಯಲ್ಲಿ ಸಿವಿಲ್ ಡಿಪ್ಲೊಮಾ, ಕಡೆಯ ವರ್ಷ. ತಾಯಿಯ ಮುಖ ನೋಡಿದಳು. "ಆಗ್ಲಿ" ಅಂದಳು. ನಾಗಣ್ಣ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಮಾತು ಗಟ್ಟಿಯಾಯಿತು.

ನನ್ನ ಗಂಟಲು ಮೈಕ್ ಇಲ್ಲದೆ ಊರಾಚೆ ಕೇಳುತ್ತದೆ ಎನ್ನುತ್ತಾರೆ. ಸಕ್ಕರೆ ಕರಗುವ ತನಕ ಒಂದಕ್ಷರ ಹೊರಡಲಿಲ್ಲ.

ಸೆಪ್ಟೆಂಬರ್ 8, ಭಾನುವಾರ.

ಗುರಮ್ಮನಿಗೆ ಬಾಯಿ ತುಂಬ ಹುಣ್ಣು. ಗಂಜಿಯೂ ಉರಿ. ಸೃಷ್ಟಿ ಕಾಲೇಜು ಬಿಟ್ಟು ಮನೆಯಲ್ಲಿ. ರೊಟ್ಟಿ ಬಡಿಯುತ್ತಿದ್ದಳು, ಹತ್ತಿರ ಹೋಗಿ ಕೂತೆ.

"ಸಂಜು ಕೂಡ ಫೋನಿನ್ಯಾಗ ಮಾತಾಡ್ತಿಯೇನವಾ?"

"ಮಾತಾಡ್ತೇನಿ. ಯೂರಿಯಾ ಬಂದಾದ, ಡಿಎಪಿ ಬಂದಿಲ್ಲ ಅಂತಾನ."

"ಹುಡುಗ ಹ್ಯಾಂಗ?"

"ಕೆಟ್ಟಾವಲ್ಲಪ್ಪಾ. ಸಣ್ಣಾಕಿ ಇದ್ದಾಗಿಂದ ನೋಡೀನಿ. ಅಣ್ಣ ಇದ್ದಂಗ ಅನಸ್ತದ." ರೊಟ್ಟಿ ತಿರುವಿ ಹಾಕಿದಳು. "ಅದಕ್ಕೇ ಬ್ಯಾಡ ಅನಸ್ತದ. ನೀ ಯವ್ವನ ಮುಂದ ಹೇಳಿಗೀಳಿ ಮತ್ತ! ಆಕಿ ನೋಡಿ ಹೋಗ್ಲಿ. ಆಮ್ಯಾಲಿಂದು ನಾ ನೋಡ್ಕೋತೇನಿ."

ಆಮೇಲಿನದು! ಆಮೇಲಿನದೆಂದರೆ ಒಂದು ಜನ್ಮ.

ಇಂಥ ಮಗಳಿಗೆ ನಾಟಕದಲ್ಲಿ ಎಷ್ಟು ಸಲ ಚಪ್ಪಾಳೆ ಹೊಡೆಸಿದ್ದೇನೆ. ತ್ಯಾಗ! ಹೆತ್ತ ಕರುಳು! ಹಾರ್ಮೋನಿಯಮ್ಮಿನ ಒಂದು ಎಳೆತ! ಇಲ್ಲಿ ಹಿಟ್ಟಿನ ಕೈಯಿಂದ ಮೂಗು ಒರೆಸಿಕೊಂಡಳು, ಅಷ್ಟೇ. ಮುಂದಿನ ಮುದ್ದೆ ಕೈಗೆ ತಗೊಂಡಳು.

ಸೆಪ್ಟೆಂಬರ್ 27.

ಅಫಜಲಪುರ ಕಡೆಯ ಹುಡುಗರು ಫೋನ್ ಮಾಡಿದ್ದರು. ದೀಪಾವಳಿಗೆ ನಾಟಕ, ತಾಲೀಮಿಗೆ ಬರಬೇಕಂತೆ. "ಸಾಯೂ ಸೀನು ನಿಮ್ಮಂಗ ಯಾರೂ ಕಲಸಂಗಿಲ್ರಿ ಮಾಸ್ತರ" ಅಂದ ಒಬ್ಬ. ಈ ವರ್ಷ ಆಗುವುದಿಲ್ಲ ಅಂದೆ. ಯಾಕೆಂದು ಕೇಳಿದ. ಗಂಟಲು ಕೆಟ್ಟಿದೆ ಅಂದೆ.

ಮೊನ್ನೆ ಐದನೆಯದು ಆಯಿತು. ಬರುವಾಗ ಬಸ್ಸಿನಲ್ಲಿ ವಾಂತಿ. ಮೈಯಲ್ಲಿ ಶಕ್ತಿ ಇಲ್ಲ — ಅವಳಿಗೂ, ನನಗೂ.

ಅಕ್ಟೋಬರ್ 16, ಬುಧವಾರ. ಸಂಜೆ.

ಕಡೆಯ ಕೀಮೋ. ಇಂಜೆಕ್ಷನ್ ಮಾತ್ರ ಮುಂದೆಯೂ ಇದೆ.

ಡಾಕ್ಟರ್ ಮೃಣಾಲಿನಿ ಒತ್ತಿ ನೋಡಿದರು. ಮತ್ತೆ ಒತ್ತಿ ನೋಡಿದರು. "ಗಂಟು ನನ್ನ ಕೈಗಿ ಸಿಗವಲ್ದು. ಭಾಳ ಚಲೋ ಆಗ್ಯಾದ."

"ಒಳಗ ಅಡಗಿ ಕೂತಾದ ಬಿಡ್ರಿ" ಅಂದಳು ಗುರಮ್ಮ.

ಡಾಕ್ಟರ್ ನಕ್ಕರು. ಕುರ್ಚಿ ಹತ್ತಿರ ಎಳೆದುಕೊಂಡರು. "ನಿಮ್ಮ ತಾಯಿಗಿ ಯಾವ ಜಾತಿ ಇತ್ತು ಅಂತ ಆಗ ಯಾರು ಪರೀಕ್ಷಾ ಮಾಡಿದ್ರು ಹೇಳ್ರಿ? ನಿಮ್ಮ ಈ ಜಾತಿ ಮೊದಲ ಭಾಳ ಖರಾಬ್ ಅಂತಿದ್ರು. ಖರೇನೇ. ಅದ್ರ ಮೈಮ್ಯಾಲ ಒಂದು ಪ್ರೋಟೀನ್ ವಿಪರೀತ ಇರ್ತದ, ಅದರಿಂದನೇ ಅದು ಜಲ್ದಿ ಬೆಳೀತದ. ಈಗಿನ ಇಂಜೆಕ್ಷನ್ ಅದನ್ನೇ ಹುಡುಕಿ ಹಿಡೀತದ. ಯಾವುದ್ರ ಜೋರಿನ ಮ್ಯಾಲ ಕುಣೀತಿತ್ತೋ, ಅದೇ ಅದ್ರ ಜುಟ್ಟು ನಮ್ಮ ಕೈಯಾಗ ಕೊಟ್ಟಾದ."

"ಹಂಗಾದ್ರ ಇನ್ನ ಎಷ್ಟು ದಿನ ಅದರಿ ನನ್ನ ಜೀವ?"

"ದಿನದ ಮಾತು ಯಾಕ ಆಡ್ತೀರಿ? ಆಪರೇಷನ್ ಆಗ್ಲಿ, ತಗದದ್ದು ಪರೀಕ್ಷಾ ಮಾಡೂಣು. ಆಮ್ಯಾಲ ವರ್ಷದ ಮಾತು ಆಡೂಣು."

ಬಸ್ಸಿನಲ್ಲಿ ಗುರಮ್ಮ: "ಸಣ್ಣ ವಯಸ್ಸಿನಾಕಿ. ಧೈರ್ಯ ಹೇಳ್ತಾಳ, ಪಾಪ."

ನನಗೆ ನಂಬುವ ಆಸೆ. ನಂಬುವುದಕ್ಕೂ ಮೈಯಲ್ಲಿ ಕಸುವು ಬೇಕು. ಮನೆ ಮುಟ್ಟುವಷ್ಟರಲ್ಲಿ ನಾಗಣ್ಣನ ಫೋನ್ — ಡಿಸೆಂಬರ್ ಎಂಟು ಗಟ್ಟಿ, ಮಂಟಪ ಹಿಡಿದಾಗಿದೆ.

ನವೆಂಬರ್ 10, ಭಾನುವಾರ. ಆಸ್ಪತ್ರೆ.

ಗುರುವಾರ ಆಪರೇಷನ್ ಆಯಿತು. ಎಡ ಎದೆ ತೆಗೆದರು. ಪಕ್ಕಕ್ಕೆ ಒಂದು ಪೈಪು, ಅದರ ತುದಿಗೆ ಡಬ್ಬಿ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರುತ್ತಾಳೆ.

ಬೀಗರು-ಬಿಜ್ಜರು ಬರುತ್ತಲೇ ಇದ್ದಾರೆ. ಎಲ್ಲರ ಕೈಯಲ್ಲೂ ಬಿಸ್ಕೀಟಿನ ಪುಡಾ, ಎಲ್ಲರ ಕಣ್ಣಲ್ಲೂ ಕಡೆಯ ದರ್ಶನ. ಇವತ್ತು ಆಳಂದದ ಚಿಕ್ಕಮ್ಮ ಮಂಚದ ಕಾಲು ಹಿಡಿದು ರಾಗ ತೆಗೆದಳು: "ಅಯ್ಯ ನನ ತಾಯೀ... ನಮ್ಮನ್ನ ಬಿಟ್ಟು ಹೊಂಟೆಲ್ಲವ್ವಾ..."

ನನ್ನ ನಾಟಕಗಳಿಗೆ ತಬಲಾ ನುಡಿಸುವ ಬುರಾನುದ್ದೀನ ದಾಳಿಂಬೆ ಚೀಲ ಹಿಡಿದು ಅಲ್ಲೇ ನಿಂತಿದ್ದ. "ಚಿಗವ್ವಾ, ತಾಳ ತಪ್ಪಿತು ನಿಂದು. ಪೇಷಂಟು ಇನ್ನಾ ಬಿಸ್ಕೀಟು ತಿನ್ನಾಕತ್ತಾರ!"

ಇಡೀ ವಾರ್ಡು ನಕ್ಕಿತು. ಗುರಮ್ಮ ಹೊಲಿಗೆ ಒತ್ತಿ ಹಿಡಿದುಕೊಂಡು, "ನಗಸಬ್ಯಾಡ್ರೆಣ್ಣಾ, ಬಿಚ್ಚತಾವ" ಅಂದಳು. ಎಷ್ಟು ತಿಂಗಳ ಮೇಲಿನ ನಗು!

ನವೆಂಬರ್ 20, ಬುಧವಾರ.

ರಿಪೋರ್ಟು ಬಂತು. ಡಾಕ್ಟರ್ ತಾವೇ ಎದ್ದು ನಮ್ಮ ಕಡೆ ಬಂದರು.

"ತಗದ ಭಾಗದಾಗ, ಕಂಕಳಾನ ಗಂಟಿನ್ಯಾಗ, ಎಲ್ಲೂ ಕ್ಯಾನ್ಸರಿಂದು ಒಂದು ಕಣ ಸುದ್ದಾ ಸಿಕ್ಕಿಲ್ಲ."

"ಅಂದ್ರ... ಹೋತೇನ್ರಿ?" ಎಂದು ಕೇಳಿದೆ.

"ತಿರುಗಿ ಬರಂಗೇ ಇಲ್ಲ ಅಂತ ನಾ ಬರದು ಕೊಡಂಗಿಲ್ರಿ. ಇಂಜೆಕ್ಷನ್ ವರ್ಷ ತುಂಬೂ ತನಕ ನಡೀಬೇಕು, ನಡುನಡುವ ಹೃದಯದ ಪರೀಕ್ಷಾ ಆಗಬೇಕು. ಆದ್ರ ಇಂಥಾ ರಿಪೋರ್ಟ್ ಬಂದವರೊಳಗ ಭಾಳ ಮಂದಿ ವರ್ಷಗಟ್ಟಲೆ ಚಲೋ ಇರ್ತಾರ. ಗುರಮ್ಮನೋರೆ, ಸಾಯಾಕ ತಯಾರಿ ಮಾಡೂದು ಬಿಡ್ರಿ ಇನ್ನ."

ಬಸ್ಸು ಹತ್ತಿದೆವು. ಕಟ್ಟಿ ಸಂಗಾವಿಯ ಸೇತುವೆ ಬಂತು. ಕೆಳಗೆ ಭೀಮೆ. ಗುರಮ್ಮ ನನ್ನ ಕಡೆ ತಿರುಗಿದಳು.

"ಏನ್ರಿ."

"ಏನ್ಬೇ."

"ನಾ ಸಾಯಂಗಿಲ್ಲಂದ್ರ ಆ ಮದಿವಿ ಯಾರ ಸಲುವಾಗಿ?"

ಇಂಜಿನ್ನಿನ ಗದ್ದಲದಲ್ಲಿ ಕೇಳಿಸಲಿಲ್ಲವೆಂದು ನಟಿಸಬಹುದಿತ್ತು. ನಟಿಸಲಿಲ್ಲ. ರೊಟ್ಟಿ ಬಡಿಯುತ್ತ ಮಗಳು ಅಂದದ್ದನ್ನೆಲ್ಲ ಹೇಳಿಬಿಟ್ಟೆ.

ಮನೆಗೆ ಬಂದವಳೇ, ಚಪ್ಪಲಿ ಬಿಡದೆ, "ಸೃಷ್ಟೀ" ಎಂದು ಕೂಗಿದಳು. "ಸಂಜು ಅಣ್ಣ ಇದ್ದಂಗ ಅನಸ್ತದ ಅಂದ್ಯಂತ?"

ಮಗಳು ನನ್ನನ್ನು ಸುಡುವಂತೆ ನೋಡಿದಳು. "ಅಪ್ಪನ ಹೊಟ್ಟ್ಯಾಗ ಒಂದು ಮಾತು ನಿಲ್ಲಂಗಿಲ್ಲ."

"ನನಗ ಯಾಕ ಹೇಳಲಿಲ್ಲಬೇ?"

"ಸಾಯಾಕಿ ಮುಂದ ಬ್ಯಾಡ ಅನ್ನಾಕ ಬರ್ತದೇನು?"

"ಈಗ ಹೇಳು. ಈಗ ನಾ ಸಾಯಾಕಿ ಅಲ್ಲ."

ಸೃಷ್ಟಿ ಬಗ್ಗಿ ತಾಯಿಯ ಚಪ್ಪಲಿ ಬಿಡಿಸಿದಳು.

"ಬ್ಯಾಡ ಯವ್ವಾ."

ನವೆಂಬರ್ 22, ಶುಕ್ರವಾರ.

ನಾಗಣ್ಣನಿಗೆ ಫೋನ್ ಮಾಡಿ ಹೇಳಿದೆ.

"ಏನ್ ಮಾಸ್ತರ, ಇದೂ ನಾಟಕದಾಗಿನ ಮಾತೇನು? ಪತ್ರಿಕಿ ಅರ್ಧ ಹಂಚೀನಿ. ತಂಗಿ ಬದುಕ್ಯಾಳಂತ ಮದಿವಿ ಬಿಡ್ತಾರೇನು ಯಾರಾರ?"

"ಸಾಯ್ತಾಳಂತ ಅಲ್ಲೇನ್ರಿ ಹಿಡದದ್ದು?"

ಆ ಕಡೆಯ ದನಿ ಇಳಿಯಿತು.

"ಮಾಸ್ತರ, ನಮ್ಮವ್ವಗೂ ಚಲೋ ಆಗ್ತದ ಅಂದಿದ್ರು. ನಾ ನಂಬಿ ಹೊಲಕ್ಕ ಹೋಗಿದ್ದೆ. ಬರೂದ್ರಾಗ ಅಂಗಳದಾಗ ಮಂದಿ... ನಾಳಿ ಇದು ತಿರುಗಿ ಬಂತಂದ್ರ? ಆಗ ಏನ್ ಹೇಳ್ತೀರಿ ನನಗ?"

ಬರೆದು ಕೊಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು.

"ಇಂಥಾ ಮಾತು ಫೋನಿನ್ಯಾಗ ಮುಗ್ಯಾದಲ್ಲ. ಎದುರಿಗಿ ಬರ್ರಿ." ಇಟ್ಟುಬಿಟ್ಟರು.

ಕೆಟ್ಟವನಾಗಿದ್ದರೆ ಸಲೀಸಿತ್ತು. ಖಳನಾಯಕನಿಗೆ ಉತ್ತರ ಕೊಡುವುದು ನನಗೆ ಗೊತ್ತು. ಅಂಜಿದ ಅಣ್ಣನಿಗೆ ಏನೆನ್ನುವುದು?

ನವೆಂಬರ್ 24, ಭಾನುವಾರ. ಸಂಜೆ.

ಎರಡು ದಿನದಿಂದ ಹಿತ್ತಲಲ್ಲಿ ಅಡ್ಡಾಡುತ್ತ ಮಾತು ಕಟ್ಟಿದೆ. ಕಡೆಗೆ ಎದೆ ಉಬ್ಬಿಸಿ ಒಂದು ಸಲ ಆಡಿಯೂ ನೋಡಿದೆ — "ಪೂಜ್ಯ ಬಂಧುವೇ! ವಿಧಿಯು ತಾನು ಎಸೆದ ಪಾಶವನ್ನು ಹಿಂದಕ್ಕೆಳೆದುಕೊಂಡಿದೆ!"

ಒಳಗಿನಿಂದ ಗುರಮ್ಮ: "ಪಾಶ ಗೀಶ ಬಿಡ್ರಿ. ನೀವು ಒಬ್ಬರೇ ಹೋದ್ರ ನಾಟಕ ಆಗ್ತದ. ಅಣ್ಣ ಚಪ್ಪಾಳಿ ಹೊಡದು, ಊಟಕ್ಕ ಕುಂಡ್ರಿಸಿ, ಮದಿವಿ ಮಾಡೇ ಬಿಡ್ತಾನ. ನಾ ಬರ್ತೇನಿ."

"ಹೊಲಿಗಿ ಇನ್ನಾ ಹಸಿ ಅದಬೇ. ಬಸ್ಸಿನ ಕುಲುಕು..."

"ಇರ್ಲಿ. ಅವ್ವನ ಮಣ್ಣು ನೋಡಿದ ಕಣ್ಣು ಅಣ್ಣನವು. ರಿಪೋರ್ಟಿಗಿ ನಂಬಂಗಿಲ್ಲ. ನನ್ನ ಕಾಲ್ಲೆ ನಡದು ಅವನ ಹೊಸ್ತಿಲ ದಾಟ್ತೇನಿ. ನೋಡ್ಲಿ."

"ತಿರುಗಿ ಬಂತಂದ್ರ ಅಂತ ಕೇಳ್ತಾರ ಅವರು."

ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ತಲೆಯ ಮೇಲೆ ಎಳೆಯ ಕೂದಲು ಬರುತ್ತಿದೆ, ಕೂಸಿನದರಂತೆ.

"ಬಂದ್ರ ಬರ್ಲಿ. ಆಗ ನಾ ನೋಡ್ಕೋತೇನಿ. ನನ್ನ ಸಾವಿಗಿ ನನ್ನ ಮಗಳ ಬದುಕು ಮುಯ್ಯಿ ಕೊಡಂಗಿಲ್ಲ."

ತವರಿನ ಬಾಗಿಲು ಮುಚ್ಚಿದರೂ ಮುಚ್ಚೀತು. ಅವಳಿಗೆ ಗೊತ್ತಿದೆ. ಗೊತ್ತಿದ್ದೇ ಸೀರೆ ತೆಗೆದಿಟ್ಟಿದ್ದಾಳೆ. ಸೃಷ್ಟಿ ಅದಕ್ಕೆ ಸಡಿಲ ಕುಪ್ಪಸ ಹುಡುಕುತ್ತಿದ್ದಾಳೆ.

ದಣಿದಿದ್ದೇನೆ. ಇದು ಮುಗಿದರೂ ದಣಿವು ಮುಗಿಯದು — ಬುಧವಾರ ಮತ್ತೆ ಇಂಜೆಕ್ಷನ್, ಮತ್ತೆ ಪಾಳಿ, ಮತ್ತೆ ಬೆಂಚು. ಇರಲಿ. ಬದುಕುವವರ ಪಾಳಿ ಅದು.

ಆದ್ದರಿಂದ ಮಹಾಜನರೇ, ನಾಳೆ ಬೆಳಿಗ್ಗೆ ಗುರಮ್ಮನನ್ನು ಯಡ್ರಾಮಿಯ ಬಸ್ಸಿನಲ್ಲಿ ಕಿಟಕಿ ಕಡೆ ಕೂರಿಸುವೆನು. ನಾಗಣ್ಣನ ಅಂಗಳದಲ್ಲಿ ಅವಳು ಮುಂದೆ, ನಾನು ಹಿಂದೆ. ವಿಧಿಯಿಲ್ಲ, ಪಾಶವಿಲ್ಲ. ಅವಳಿಗೆ ದಮ್ಮು ಸಾಲದಿದ್ದರೆ ಮಾತ್ರ ನಾನು ಬಾಯಿ ತೆರೆಯುವೆನು. ಓಣಿಯ ಆ ತುದಿಗೂ ಕೇಳುವ ಹಾಗೆ, ಒಂದೇ ಒಂದು ಮಾತು, ನನ್ನ ಮಗಳು ಅಂದದ್ದು — ಬ್ಯಾಡ!