ತಿಂಗಳ ಮೊದಲ ವಾರದ ಮಾತು

ಸಂಡೂರು ರಸ್ತೆ, ಹೊಸಪೇಟೆ
೭ ನವೆಂಬರ್ ೨೦೦೯, ಶನಿವಾರ

ಪ್ರೀತಿಯ ಶಾಂಭವಿ,

ಹೇಗಿದ್ದೀ? ಕೆಮ್ಮು ನಿಂತಿತೇ? ಮಂಗಳವಾರ ಪರದೆಯಲ್ಲಿ ನಿನ್ನ ಕೊರಳಿಗೆ ಸುತ್ತಿದ್ದ ಮಫ್ಲರ್ ನೋಡಿ ನಾಗಪುರದಲ್ಲಿ ಆಗಲೇ ಚಳಿ ಶುರುವಾಗಿದೆ ಎಂದುಕೊಂಡೆ. ಔಷಧಿಯನ್ನು ಅರ್ಧಕ್ಕೇ ಬಿಡಬೇಡ. ಹಾಸ್ಟೆಲ್ಲಿನ ಹುಡುಗಿಯರಿಗೆಲ್ಲ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿಸುವ ವಾರ್ಡನ್ ನೀನು, ನಿನ್ನದನ್ನು ಮಾತ್ರ ಮರೆಯುತ್ತೀ. ಇಲ್ಲಿ ನಾನು ಮತ್ತು ನಿನ್ನ ಭಾವ ಮಲ್ಲೇಶ್ ಆರಾಮಾಗಿದ್ದೇವೆ. ಅವ್ವನ ವಿಷಯ ಬರೆಯುವುದಕ್ಕೇ ಈ ಕಾಗದ. ಅದಕ್ಕೆ ಬರುವ ಮುನ್ನ ಸ್ವಲ್ಪ ಸುತ್ತಿ ಬರುತ್ತೇನೆ, ಹಾರಿಸದೆ ಓದು.

ಕ್ಯಾಮೆರಾ ಮುಂದೆ ಕೂತು ಹೇಳಬಾರದಿತ್ತೇ ಎಂದು ನೀನು ಕೇಳುತ್ತೀ. ಅವ್ವ ಪಕ್ಕದಲ್ಲೇ ಇರುತ್ತಾಳೆ, ನಾನು ಕೈ ಆಡಿಸಿದ್ದು ತಿಳಿದರೆ ಏನಂದೆ ಎಂದು ಕೇಳದೆ ಬಿಡುವವಳಲ್ಲ. ಇಂಗ್ಲಿಷಿನಲ್ಲಿ ಮೇಲ್ ಬರೆಯಲು ಕೂತೆ. ಅದು ನಮ್ಮ ಲ್ಯಾಬಿನ ವರದಿಯ ಹಾಗಾಯಿತು. ಅವ್ವನ ಮಾತನ್ನು ಇಂಗ್ಲಿಷಿಗೆ ತಂದರೆ ಅದು ಅವ್ವನದಾಗಿ ಉಳಿಯುವುದಿಲ್ಲ. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡದಲ್ಲಿ ಇಷ್ಟುದ್ದ ಬರೆಯುವುದು ಕಷ್ಟವೇ, ತಪ್ಪಿದ್ದರೆ ನಗಬೇಡ.

ಯುಗಾದಿ ಕಳೆದ ಮೇಲೆ ಮನೆಗೆ ನೆಟ್ ಹಾಕಿಸಿದ್ದು ನಿನಗೆ ನೆನಪಿದೆ. ಕಾಲೇಜು ರಸ್ತೆಯ ತಿರುವಿನಲ್ಲಿ ‘ತುಂಗಾ ನೆಟ್, ಮನೆಮನೆಗೆ ಅನ್‌ಲಿಮಿಟೆಡ್’ ಎಂಬ ದೊಡ್ಡ ಬೋರ್ಡು ನೋಡಿ ನಾನೇ ಹೋಗಿ ಬರೆಸಿದೆ. ಮೊದಲ ದಿನ ಪರದೆಯ ಮೇಲೆ ನೀನು ಮೂಡಿದಾಗ ಅವ್ವ ತನ್ನ ಮೂಗುಬೊಟ್ಟು ಮುಟ್ಟಿ ಸನ್ನೆಯಲ್ಲಿ ನಿನ್ನ ಹೆಸರು ಹೇಳಿದಳು, ಆಮೇಲೆ ಗಾಜಿನ ಮೇಲೆ ನಿನ್ನ ಮೂಗನ್ನೂ ಮುಟ್ಟಿದಳು. ಕಬ್ಬು ಸಿಗಿಯುವ ಹಾಗೆ ಕೈ ಮಾಡಿ ಕಂಪ್ಲಿ ಮಾವನ ಸುದ್ದಿ, ಗಾಳಿಯಲ್ಲಿ ಗುಡ್ಡ ಬರೆದು ಸಂಡೂರಿನ ಸುದ್ದಿ. ನೀವಿಬ್ಬರೂ ಏನೋ ಹಳೆಯ ಸೀರೆಯ ವಿಷಯಕ್ಕೆ ಜಗಳಕ್ಕೆ ಬಿದ್ದಿರಿ. ಮಲ್ಲೇಶ್ ಪೇಪರಿನಿಂದ ತಲೆ ಎತ್ತಿ, “ಅವ್ವ ಮಗಳ ಗದ್ದಲಕ್ಕ ನನ್ನ ಕಿವಿ ನೋಯಾಕ ಹತ್ಯಾವ ನೋಡ್” ಎಂದರು. ಮನೆಯಲ್ಲಿ ಒಂದು ಶಬ್ದವೂ ಇರಲಿಲ್ಲ. ನಾನು ನಗುತ್ತಲೇ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ, ಇದನ್ನು ನಿನಗೆ ಹೇಳಿರಲಿಲ್ಲ.

ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ನಿನ್ನ ಕೈಗಳು ಅರ್ಧ ಮಾತಿನಲ್ಲಿ ನಿಂತುಬಿಟ್ಟವು. ಬೆರಳುಗಳು ಚೌಕ ಚೌಕ ಚೂರಾಗಿ, ಸ್ವಲ್ಪ ಹೊತ್ತಿನ ಮೇಲೆ ಇನ್ನೆಲ್ಲೋ ಕಾಣಿಸಿಕೊಳ್ಳುತ್ತಿದ್ದವು. ಕಂಪನಿಗೆ ಫೋನ್ ಮಾಡಿದರೆ, “ಬಂದ್ ಆಗಂಗಿಲ್ರಿ ಮೇಡಂ, ಇಷ್ಟು ಜಿಬಿ ಮುಗದ ಮ್ಯಾಲೆ ಸ್ಪೀಡ್ ಇಳಿತೈತಿ ಅಷ್ಟ. ಒಂದನೇ ತಾರೀಖಿಗೆ ಮತ್ತ ಬರತೈತಿ” ಎಂದರು. ಇದಕ್ಕೆ ಅವರು ಇಟ್ಟಿರುವ ಹೆಸರು ನ್ಯಾಯಯುತ ಬಳಕೆಯ ನಿಯಮ. ಬೋರ್ಡಿನ ಮೇಲೆ ಈ ನಿಯಮ ಇಲ್ಲವಲ್ಲ ಎಂದು ಮತ್ತೊಮ್ಮೆ ಹೋಗಿ ನೋಡಿದೆ. ಇತ್ತು, ತುದಿಯಲ್ಲಿ ಒಂದು ಚುಕ್ಕಿಯ ಗುರುತಿನ ಪಕ್ಕ, ಕೆಂಪು ಧೂಳಿನ ಅಡಿಯಲ್ಲಿ.

ಆಗಿನಿಂದ ನಮ್ಮ ಮನೆಯಲ್ಲಿ ತಿಂಗಳೆಂದರೆ ಮೊದಲ ವಾರ. ಉಳಿದ ದಿನಗಳಲ್ಲಿ ಅವ್ವ ಒಂದು ಉಪಾಯ ಮಾಡಿಕೊಂಡಳು. ಒಂದೊಂದು ಸನ್ನೆಯನ್ನೂ ಮಾಡಿ, ನೀನು ತಲೆಯಾಡಿಸುವವರೆಗೆ ಕೈಯನ್ನು ಹಾಗೇ ಹಿಡಿದಿರುವುದು. ಊಟ ಆಯಿತೇ ಎಂದು ಕೇಳುವುದಕ್ಕೆ ಕೈಯನ್ನು ಬಾಯಿಯ ಹತ್ತಿರ ಹಿಡಿದು ಕಾಯುತ್ತಿದ್ದಳು. ತೋಳು ನಡುಗುತ್ತಿತ್ತು. “ಹಂಪಿ ಕಲ್ಲಿನ ಗೊಂಬಿ ಹಂಗ ನಿಂದರಸ್ಯಾನಲ್ಲ ನನ್ನ, ಯಾವನವ ಆ ಕಂಪನ್ಯಾವ?” ಎಂದು ಬೈದುಕೊಳ್ಳುತ್ತಿದ್ದಳು. ಆ ಬೈಗುಳವನ್ನು ಸನ್ನೆಯಲ್ಲಿ ನಿನಗೆ ಮುಟ್ಟಿಸುವ ಹೊತ್ತಿಗೆ ಅವಳ ಸಿಟ್ಟೇ ಇಳಿದಿರುತ್ತಿತ್ತು.

ಆಗಸ್ಟಿನಲ್ಲಿ ನಾನು ಅವರ ಆಫೀಸಿಗೆ ಹೋದೆ. ಮ್ಯಾನೇಜರ್ ಹೆಸರು ಶಂಭುಲಿಂಗ, ಬಂಡ್ರಿಯವರು, ಕೆಟ್ಟ ಮನುಷ್ಯರಲ್ಲ. “ಕುಂದರ್ರಿ ಅಕ್ಕಾರ” ಎಂದು ಚಹಾ ತರಿಸಿದರು. ಸ್ಪೀಡ್ ಇಳಿದರೂ ಮಾತು ಸ್ಪಷ್ಟ ಕೇಳುತ್ತದಲ್ಲ ಎಂದರು. ನನ್ನ ತಂಗಿಗೆ ಕಿವಿ ಕೇಳುವುದಿಲ್ಲ, ನಮ್ಮ ಅವ್ವನಿಗೆ ಓದು ಬರಹ ಇಲ್ಲ, ಅವರಿಬ್ಬರ ನಡುವೆ ಇರುವುದು ಕೈ ಮತ್ತು ಕಣ್ಣು ಮಾತ್ರ ಎಂದೆ. ಇದನ್ನು ಕಂಪನಿಯ ಎಷ್ಟು ಜನರಿಗೆ ಹೇಳಿದ್ದೇನೆಂದರೆ ಈಗ ನಿನಗೇ ಹೇಳುತ್ತಿದ್ದೇನೆ, ನೋಡು. ಅವರು, “ನಿಮ್ಮ ಮನಿ ಒಂದಕ್ಕ ನಾನು ಹೆಂಗರ ಮಾಡಿ ಸ್ಪೀಡ್ ಬಿಡಸ್ತೀನ್ರಿ. ಯಾರಿಗೂ ಹೇಳಬ್ಯಾಡ್ರಿ ಮತ್ತ” ಎಂದರು. ನಾನು ಬೇಡ ಎಂದೆ. ಎಲ್ಲರಿಗೂ ಕಾಣುವ ಬೋರ್ಡಿನಲ್ಲಿ ಬರೆದದ್ದನ್ನು ನನಗೊಬ್ಬಳಿಗೆ ಕದ್ದು ಕೊಡುವುದು ಬೇಡ, ಮಿತಿ ಇದ್ದರೆ ಮಿತಿಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಕೈಯಲ್ಲಿ ಮಾತಾಡುವವರಿಗೆ ಬೇರೆ ಪ್ಲ್ಯಾನ್ ಮಾಡಿ ಎಂದು ಕಾಗದ ಕೊಟ್ಟು ಬಂದೆ.

ಹೊರಗೆ ಬಂದಾಗ ಅದಿರಿನ ಲಾರಿಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮೇಲೂ ಇರಬೇಕಾದ್ದಕ್ಕಿಂತ ಹೆಚ್ಚು ಭಾರ. ಅವಕ್ಕೆ ಈ ಊರಿನಲ್ಲಿ ಯಾರೂ ಮಿತಿ ಹೇಳುವುದಿಲ್ಲ. ಆ ಲಾರಿಗಳ ಅದಿರನ್ನು ಪರೀಕ್ಷಿಸಿಯೇ ನಾನು ಸಂಬಳ ತೆಗೆದುಕೊಳ್ಳುತ್ತೇನೆ, ಅದೂ ಗೊತ್ತಿದೆ. ಬೇಡ ಎಂದದ್ದು ಸರಿಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನನ್ನ ತತ್ವಕ್ಕೆ ಬೆಲೆ ತೆರುವುದು ಅವ್ವನ ತೋಳಲ್ಲವೇ?

ಬೈದದ್ದು ಕಂಪನಿಯನ್ನಾದರೂ ಅವ್ವನ ಪ್ರಕಾರ ತಪ್ಪು ಧೂಳಿನದು. ಮಾತಿನ ನಡುವೆ ಸೆರಗಿನಿಂದ ಪರದೆ ಒರೆಸುತ್ತಿದ್ದಳಲ್ಲ, ನೀನೇ ಒಮ್ಮೆ ಅಣಕಿಸಿ ನಗಿಸಿದ್ದೆ. “ಸಂಡೂರ ಧೂಳು ಪೆಟ್ಟಿಗಿ ಒಳಗ ಹೊಕ್ಕೊಂಡೈತಿ, ಬಿಚ್ಚಿ ಝಾಡಸ್ರಿ” ಎನ್ನುತ್ತಿದ್ದಳು. ನಾನು ಸ್ಪೀಡಿನ ಪಾಠ ಹೇಳುತ್ತಿದ್ದೆ. ಇಬ್ಬರಿಗೂ ಒಂದೊಂದು ಕಾರಣ ಸಿಕ್ಕಿದ್ದರಿಂದ ಇನ್ನೊಂದನ್ನು ಯಾರೂ ಹುಡುಕಲಿಲ್ಲ.

ಈ ತಿಂಗಳ ಒಂದನೇ ತಾರೀಖು ಭಾನುವಾರ. ರೈಲಿಗೆ ಅದಿರು ತುಂಬುವ ದಿನಗಳಲ್ಲಿ ನಮಗೆ ಭಾನುವಾರವೂ ಕೆಲಸ. ಸಂಜೆ ಮನೆಗೆ ಬಂದರೆ ಅವ್ವ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಿದ್ದಳು. “ಇವತ್ತೂ ಅಕಿ ಮಾರಿ ಮಂಜು ಮಂಜು. ಕೈ ಅಂತೂ ಏನೂ ತಿಳೀಲಿಲ್ಲ” ಎಂದಳು. ಮೊದಲ ದಿನವೇ ಸ್ಪೀಡ್ ಇಳಿಸಿದ್ದಾರೆ ಎಂದು ನನಗೆ ತಲೆ ಕಾದುಹೋಯಿತು. ಮಾರನೆಯ ದಿನ ಹೋಗಿ ಶಂಭುಲಿಂಗ ಅವರ ಎದುರು ನಿಂತು, ನೀವು ಸುಳ್ಳುಗಾರರು ಎಂದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ತಮ್ಮ ಕಂಪ್ಯೂಟರ್ ತಿರುಗಿಸಿ ತೋರಿಸಿದರು. “ಫುಲ್ ಸ್ಪೀಡ್ ಐತ್ರಿ ಅಕ್ಕಾರ. ಬ್ಯಾರೆ ದಿನ ನನ್ನ ಬೈರಿ, ಇವತ್ತು ಬೈಬ್ಯಾಡ್ರಿ” ಎಂದರು. ನಾನು ನಂಬಲಿಲ್ಲ. ಹಾಗಾದರೆ ನಾಳೆ ನಾನೇ ಮನೆಗೆ ಬಂದು ನೋಡುತ್ತೇನೆ ಎಂದರು.

ಮಂಗಳವಾರ ಕ್ಯಾಮೆರಾದ ಮೂಲೆಯಲ್ಲಿ ಒಬ್ಬ ಗಂಡಸು ನಿಂತಿದ್ದನ್ನು ನೋಡಿ ಯಾರು ಎಂದು ಕೇಳಿದೆಯಲ್ಲ, ಅವರೇ. ಅವತ್ತು ನೀನು ಅಷ್ಟು ನಿಚ್ಚಳವಾಗಿದ್ದೆ, ಮಫ್ಲರಿನ ಎಳೆಗಳೂ ಕಾಣುತ್ತಿದ್ದವು. ನಿನ್ನ ಕೈ ಎಲ್ಲೂ ನಿಲ್ಲಲಿಲ್ಲ. ನೀನು ಅವ್ವನಿಗೆ, ಏನು ಪಲ್ಯ ಮಾಡಿದೆ ಎಂದು ಕೇಳಿದೆ. ಅವ್ವ ಹೌದು ಹೌದು ಎಂದು ತಲೆಯಾಡಿಸಿದಳು. ನೀನು ತಮಾಷೆ ಎಂದುಕೊಂಡು ನಕ್ಕೆ. ಎರಡನೇ ಸಲ ಕೇಳಿದೆ, ಮತ್ತೆ ಹೌದು ಎಂದಳು. ನಿನ್ನ ಕಡೆಯಿಂದ ನಿನಗೆ ಕಾಣದೇ ಇದ್ದದ್ದನ್ನು ನಾನು ಹೇಳುತ್ತೇನೆ. ಅವ್ವನ ಕಣ್ಣು ನಿನ್ನ ಕೈಯ ಮೇಲಿರಲಿಲ್ಲ, ಪರದೆಯಲ್ಲಿ ಎಲ್ಲಿ ಬೆಳಕು ಹೆಚ್ಚಿತ್ತೋ ಅಲ್ಲಿತ್ತು. ಆಮೇಲೆ ಸೆರಗು ತೆಗೆದುಕೊಂಡು ಗಾಜು ಒರೆಸಿದಳು. ಅದರ ಮೇಲೆ ಒಂದು ಕಣ ಧೂಳೂ ಇರಲಿಲ್ಲ, ಬೆಳಿಗ್ಗೆ ನಾನೇ ಒರೆಸಿದ್ದೆ.

ಶಂಭುಲಿಂಗ ನನ್ನ ಮುಖ ನೋಡಿದರು. ಗೆದ್ದವರ ಹಾಗೆ ನೋಡಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ, “ನಮ್ಮ ತಾಯಿಗೂ ಹಿಂಗ ಆಗಿತ್ತ್ರಿ. ಜಲ್ದಿ ತೋರಸ್ರಿ” ಎಂದಷ್ಟೇ ಹೇಳಿ ಹೋದರು.

ನಮ್ಮ ಲ್ಯಾಬಿನಲ್ಲಿ ಸ್ಯಾಂಪಲ್ ಕೈಯಲ್ಲಿ ಹಿಡಿಯದೆ ವರದಿ ಬರೆದವರನ್ನು ನಾನು ಒಂದು ದಿನವೂ ಸಹಿಸಿದವಳಲ್ಲ. ಈ ಮನೆಯಲ್ಲಿ ಎಷ್ಟು ಗುರುತುಗಳು ಇದ್ದವು. ಅಕ್ಕಿಯಲ್ಲಿ ಕಲ್ಲನ್ನು ಬೆರಳಿನಿಂದ ಸವರಿ ಹುಡುಕುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ನಾನು ಎಲ್ಲ ಮಂಜನ್ನೂ ಒಂದೇ ಕಂಪನಿಯ ಲೆಕ್ಕಕ್ಕೆ ಹಾಕಿದೆ. ಬುಧವಾರ ಶಂಭುಲಿಂಗ ಅವರ ಆಫೀಸಿಗೆ ಹೋಗಿ, ಸುಳ್ಳುಗಾರರು ಎಂದ ಮಾತನ್ನು ಅದೇ ಜನರ ಎದುರು ಹಿಂದಕ್ಕೆ ತೆಗೆದುಕೊಂಡೆ. ಅದೇ ಉಸಿರಿನಲ್ಲಿ, ದೂರನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದೆ. ಈ ಒಂದು ದಿನ ಅವರು ನಿಜ ಹೇಳಿದರು ಎಂದ ಮಾತ್ರಕ್ಕೆ ಆ ಬೋರ್ಡು ನಿಜವಾಗುವುದಿಲ್ಲ. ಆಗಸ್ಟಿನ ಕಾಗದಕ್ಕೆ ಮೇಲಿನವರಿಂದ ಇನ್ನೂ ಉತ್ತರ ಇಲ್ಲ, ಹಾಗಾಗಿ ಬಳ್ಳಾರಿಯ ಗ್ರಾಹಕರ ವೇದಿಕೆಗೆ ಬರೆದು ಮುಗಿಸಿದ್ದೇನೆ, ಸೋಮವಾರ ಕೊಟ್ಟು ಬರುತ್ತೇನೆ. ಅವರು ನಕ್ಕು, “ಕೊಡ್ರಿ ಅಕ್ಕಾರ. ನಮ್ಮ ಮ್ಯಾಲಿನೋರಿಗೂ ಒಂದ್ ಸಲ ಯಾರರ ಕೇಳಲಿ” ಎಂದರು.

ಗುರುವಾರ ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ, ಚೆನ್ನಾಗಿ ಬಲಿತಿದೆ. ಆಪರೇಷನ್ ಮಾಡಿದರೆ ಮೊದಲಿನ ಹಾಗೆ ಕಾಣುತ್ತದೆ, ಹೆದರುವಂಥದ್ದು ಏನೂ ಇಲ್ಲ, ತಡ ಮಾತ್ರ ಮಾಡಬೇಡಿ ಎಂದರು. ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ನಾನು ಹಗುರಾದೆ. ಅವ್ವ ಆಗಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಆಪರೇಷನ್ ಬ್ಯಾಡ ಎಂದಳು. ಎರಡು ದಿನದಿಂದ ಅದೇ ಮಾತು. ಪಕ್ಕದ ಮನೆಯ ತಾಯಕ್ಕ ಬಂದು, “ನಂದೂ ಆಗೈತಲ್ಲಬೇ, ಸೂಜಿ ದಾರ ಪೋಣಸ್ತೀನಿ ಈಗ” ಎಂದು ಪೋಣಿಸಿಯೂ ತೋರಿಸಿದಳು. “ನಿನಗೇನವ್ವ, ನಿನ್ನ ಮಗಳು ಫೋನಿನಾಗ ಮಾತಾಡ್ತಾಳ” ಎಂದಳು ಅವ್ವ.

ಆ ಮಾತು ಕೇಳಿದ ಮೇಲೆಯೇ ನನಗೆ ಅರ್ಥವಾದದ್ದು. ಅವಳಿಗೆ ಕತ್ತರಿಯ ಭಯವಲ್ಲ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮಂಜು. ಅಷ್ಟು ದಿನ ನಿನ್ನೊಂದಿಗೆ ಒಂದು ಮಾತೂ ಸಾಧ್ಯವಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಈಗ ಕಾಣುವ ನಿನ್ನ ಮಸುಕು ಮುಖವೂ ಹೋಗುತ್ತದೆ. ಇರುವ ಮಂಜನ್ನೇ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಈ ಹೆದರಿಕೆಗೆ ನನ್ನ ಯಾವ ದೂರು, ಯಾವ ಸ್ಪೀಡೂ ಉತ್ತರವಲ್ಲ. ಆದರೂ ನಾನು ಬಿಡುವುದಿಲ್ಲ. ಡಿಸೆಂಬರ್ ಹತ್ತಕ್ಕೆ ಡಾಕ್ಟರ ಹತ್ತಿರ ದಿನ ತೆಗೆದುಕೊಂಡಿದ್ದೇನೆ, ಅವ್ವನಿಗೂ ಹೇಳಿದ್ದೇನೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮಲ್ಲೇಶ್ ನಿನಗೆ ನೆನಪು ಹೇಳಿದ್ದಾರೆ. ಮಫ್ಲರ್ ತೆಗೆಯಬೇಡ. ಅವ್ವ ಈಗ ಪಕ್ಕದಲ್ಲೇ ಕೂತು, ಇಷ್ಟು ಹೊತ್ತು ಏನು ಬರೆಯುತ್ತೀ ಎಂದು ಕೇಳುತ್ತಿದ್ದಾಳೆ. ನಿನಗೆ ಆಶೀರ್ವಾದ ಬರೆ ಎನ್ನುತ್ತಾಳೆ, ಮೂಗುಬೊಟ್ಟು ಮುಟ್ಟಿಕೊಂಡೇ.

ನಿನ್ನ ಅಕ್ಕ,
ಪಂಪಾವತಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಕರೆಂಟು ಹೋಗಿ ಬಂತು. ಕತ್ತಲಾದ ಕೂಡಲೇ ಅವ್ವ ಗೊತ್ತಿಲ್ಲದೆಯೇ ನನ್ನ ಕೈ ಹಿಡಿದು ಅಂಗೈ ಮೇಲೆ ಬೆರಳಾಡಿಸಿದಳು. ನೀನು ಚಿಕ್ಕವಳಿದ್ದಾಗ ದೀಪ ಹೋದರೆ ಅಳುತ್ತಿದ್ದೆ, ಆಗ ಅವ್ವ ನಿನ್ನ ಅಂಗೈಯಲ್ಲಿ ಮಾತಾಡುತ್ತಿದ್ದಳು, ನೀನು ಅವಳ ಅಂಗೈಯಲ್ಲಿ. ಆ ಮಾತು ನನಗೆ ಬರುವುದಿಲ್ಲ, ನಾನು ಕಲಿಯಲೇ ಇಲ್ಲ. ನನ್ನ ಕೈ ಎಂದು ತಿಳಿದು ಬಿಟ್ಟುಬಿಟ್ಟಳು. ಆಗ ಕೇಳಿದೆ, ಶಾಂಭವಿ ಬಂದು ಪಟ್ಟಿ ಬಿಚ್ಚುವವರೆಗೆ ನಿನ್ನ ಕೈ ಹಿಡಿದು ಕೂತರೆ ಮಾಡಿಸಿಕೊಳ್ಳುತ್ತೀಯಾ ಎಂದು. ಅದಕ್ಕೆ ಅವ್ವ, “ಅಕಿಗೆ ರಜಾ ಕೊಡ್ತಾರೇನು?” ಎಂದಳು. ರಜೆ ಬರೆದುಕೊಡು. ಗುಂತಕಲ್ಲಿನ ರೈಲು ನಿಲ್ದಾಣಕ್ಕೆ ನಾನೇ ಬಂದು ನಿಂತಿರುತ್ತೇನೆ.