ನೀರು ಅಂದರೆ ನೀರು

ಮೇ ೧೪, ಬುಧವಾರ

ಬೆಳಗಿನ ಸಿಟ್ಟು ಇನ್ನೂ ಇಳಿದಿಲ್ಲ. ಗಡಿಯೂರು ಬಾವಲಿಯ ದೇವಮ್ಮಜ್ಜಿಯನ್ನು ತುಂಬಾ ಸುಸ್ತು ಅಂತ ನಮ್ಮ ಆಸ್ಪತ್ರೆಯ ವಾರ್ಡಿಗೆ ತಂದಿದ್ದರು. ಅಜ್ಜಿಗೆ ಮಲಯಾಳ ಬಾರದು, ಹೊಸ ನರ್ಸ್ ನಿಮಿಷಾಗೆ ಕನ್ನಡ ಬಾರದು. ಅಜ್ಜಿ "ನೀರು, ನೀರು" ಅಂದದ್ದು ಇವಳಿಗೆ ಬಾವು ಅಂತ ಕೇಳಿಸಿದೆ. ಮಲಯಾಳದಲ್ಲಿ ನೀರು ಅಂದರೆ ಬಾವು. ಫೋನಿನಲ್ಲಿ ಡಾಕ್ಟರಿಗೂ ಹಾಗೇ ಹೇಳಿದಳು, ಅವರು ಲಾಸಿಕ್ಸ್ ಕೊಡು ಅಂದರು. ಮೈಯ ನೀರನ್ನೆಲ್ಲ ಮೂತ್ರದಲ್ಲಿ ಹರಿಸುವ ಮದ್ದು ಅದು.

ಸೀನಿಯರ್ ನರ್ಸ್ ಅಂತ ನಾನು ರೌಂಡಿಗೆ ಹೋದಾಗ ಸಿರಿಂಜು ತುಂಬಿ ನಿಂತಿದ್ದಳು. ಅಜ್ಜಿಯನ್ನು ಕೇಳಿದರೆ ಮೊನ್ನೆಯಿಂದ ಭೇದಿ. ನಾಲಿಗೆ ಒಣಗಿ ಮರದ ಚಕ್ಕೆಯಾಗಿದೆ, ಕಾಲಲ್ಲಿ ಬಾವಿನ ಸುಳಿವೇ ಇಲ್ಲ.

"ಕಾಲು ಒತ್ತಿ ನೋಡಿದೆಯಾ?" ಅಂತ ನಿಮಿಷಾಳನ್ನು ಮಲಯಾಳದಲ್ಲಿ ಕೇಳಿದೆ.

"ಡಾಕ್ಟರ್ ಹೇಳಿದ್ದಲ್ವಾ ಚೇಚಿ."

ಹೇಳಿದ್ದು ಡಾಕ್ಟರಾದರೂ ಚುಚ್ಚುವ ಕೈ ನಿನ್ನದಲ್ಲವೇನೇ ಅಂದೆ. ಮದ್ದಿನ ಹೆಸರು, ಪ್ರಮಾಣ ಎಲ್ಲ ಬಾಯಿಪಾಠ, ಎದುರಿಗಿರುವ ಕಾಲನ್ನು ಮುಟ್ಟಿ ನೋಡಲು ಈ ಹೊಸಬರಿಗೇನು ದಾಡಿ? ಡಾಕ್ಟರಿಗೆ ನಾನೇ ಫೋನ್ ಮಾಡಿ ಇಂಜೆಕ್ಷನ್ ನಿಲ್ಲಿಸಿ ಡ್ರಿಪ್ ಹಾಕಿಸಿದೆ. ಆಮೇಲೂ ಬೈಯುತ್ತಲೇ ಇದ್ದೆ.

ಅಜ್ಜಿ ನನ್ನ ಕೈ ಹಿಡಿದೆಳೆದು ಮತ್ತೆ "ನೀರು" ಅಂದಳು.

ಕನ್ನಡ ಬರುವ ನಾನೂ ಅಲ್ಲಿಯವರೆಗೆ ಒಂದು ಗುಟುಕು ಕೊಟ್ಟಿರಲಿಲ್ಲ.