ಕೆಂಪು ಗೆರೆ, ಎರಡು ಮುಚ್ಚಳ

ಗಾಳಿಬೀಡು
೧೨-೨-೨೦೨೫, ಬುಧವಾರ

ಪ್ರೀತಿಯ ಮಗಳು ಮೋನಿಷಾಳಿಗೆ,

ಹೇಗಿದ್ದೀಯ ಮೋನಿ? ಬಲ ಭುಜದ ನೋವು ಕಡಿಮೆಯಾಯಿತೇ? ಕುಟ್ಟದಲ್ಲಿ ನಮ್ಮಷ್ಟು ಚಳಿಯಿಲ್ಲ ಎಂದು ನಿನ್ನ ಚಿಕ್ಕವ್ವ ಹೇಳುತ್ತಾಳೆ. ಆದರೂ ಬೆಳಗ್ಗೆ ಏಳಕ್ಕೇ ಹಾಜರಿ ಪುಸ್ತಕ ಹಿಡಿದು ಲೈನ್ ಮನೆಗಳ ಮುಂದೆ ನಿಲ್ಲುವವಳು ತಲೆಗೆ ಏನಾದರೂ ಕಟ್ಟಿಕೋ. ಎಸ್ಟೇಟ್ ರೈಟರ್ ಆದವಳಿಗೆ ಅಪ್ಪ ಬುದ್ಧಿ ಹೇಳಬಾರದು, ಗೊತ್ತು. ನೀನು ಫೋನ್ ಮಾಡಿದಾಗ ಅವ್ವ ಸ್ಪೀಕರ್ ಹಾಕುತ್ತಾಳೆ, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಹುಡುಕುವವನ ಹಾಗೆ ನಟಿಸುತ್ತೇನೆ. ಅಪ್ಪ ಬಿಪಿ ಮಾತ್ರೆ ತಿಂದರೇ ಎಂದು ಕೇಳಿಯೇ ನೀನು ಫೋನ್ ಇಡುವುದು. ಅಷ್ಟು ಕೇಳಿಸಿಕೊಂಡು ನಾನು ಹೊರಗೆ ಹೋಗುತ್ತೇನೆ. ನನ್ನ ಫೋನನ್ನು ಮಾತ್ರ ನೀನು ಎತ್ತುವುದಿಲ್ಲ. ಮೊದಲು ಅದಕ್ಕೆ ಸಿಟ್ಟು ಬರುತ್ತಿತ್ತು, ಈಗಿಲ್ಲ. ಎತ್ತಿದ್ದರೂ ನಾನು ಅಲ್ಲಿ ಮಳೆ ಬಂತೇ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ನಿನ್ನ ಅವ್ವ ನಾನು ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ರೊಬಸ್ಟಾ ಪಿಕ್ಕಿಂಗ್ ಮೊನ್ನೆ ಮುಗಿಯಿತು. ಕಣದಲ್ಲಿ ಕಾಫಿ ಒಣಗುತ್ತಿದೆ, ಅವ್ವ ದಿನಕ್ಕೆ ನಾಲ್ಕು ಸಲ ಕೈಯಾಡಿಸುತ್ತಾಳೆ, ನಾನು ಸರಿಯಾಗಿ ಕೆದಕುವುದಿಲ್ಲವಂತೆ. ಕೆಂದಿ ಹೆಣ್ಣು ಕರು ಹಾಕಿದೆ. ಕರುವಿಗೆ ಹೆಸರಿಡುವುದನ್ನು ನಿನಗಾಗಿ ಉಳಿಸಿದ್ದೇವೆ ಎಂದು ಬರೆದರೆ ಒಳ್ಳೆಯದಿತ್ತು, ಆದರೆ ಅವ್ವ ಆಗಲೇ ಗೌರಿ ಎಂದು ಕರೆದುಬಿಟ್ಟಳು.

ಇನ್ನು ಮೆಷಿನ್ನಿನ ವಿಚಾರ. ನೀನು ಹೋದ ಮೇಲೆ ಆ ಮರ ಕೊಯ್ಯುವ ಮೆಷಿನ್ನು ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಮೇಲೇ ಕೂತಿತ್ತು. ಒಂಬತ್ತು ತಿಂಗಳು ನಾನು ಆ ಕಡೆ ನೋಡಲಿಲ್ಲ. ಹೋದ ವಾರ ಗೊಬ್ಬರದ ಚೀಲ ತೆಗೆಯಲು ಹೋದವನು ನೋಡಿದರೆ ಅಡಿಯ ಗೋಣಿ ಎಣ್ಣೆ ಕುಡಿದು ಕರ್ರಗಾಗಿದೆ. ನೆಲದಲ್ಲೂ ಒಂದು ತಟ್ಟೆಯಷ್ಟು ಅಗಲದ ಕಲೆ. ಹನ್ನೆರಡು ವರ್ಷದ ಹಿಂದೆ ಎಸ್ಟೇಟಿನವರು ಹಳೇ ಸಾಮಾನು ಮಾರುವಾಗ ತಂದದ್ದು, ಇನ್ನು ಸಾಕು, ಮಾರಿಬಿಡೋಣ ಎನಿಸಿತು. ಆದರೆ ಹೊಗೆ ಕಾರುವ, ಎಣ್ಣೆ ಸೋರುವ ಮೆಷಿನ್ನನ್ನು ಯಾರು ತೆಗೆದುಕೊಳ್ಳುತ್ತಾರೆ? ಸ್ವಲ್ಪ ರಿಪೇರಿ ಮಾಡಿ ಮಾರೋಣ ಎಂದು ಜಗಲಿಗೆ ತಂದು ಬಿಚ್ಚಿದೆ. ನಿನ್ನ ಹತ್ತಿರ ಮುಚ್ಚಿಡುವುದೇನು, ಮಾರುವುದಕ್ಕೇ ತೆಗೆದದ್ದು.

ಏರ್ ಫಿಲ್ಟರನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಪ್ಲಗ್ ಬಿಚ್ಚಿದರೆ ಒದ್ದೆಯಾಗಿ, ಕಾಡಿಗೆಯ ಹಾಗೆ ಕಪ್ಪಾಗಿತ್ತು. ಹೊಸ ಪ್ಲಗ್ ಹಾಕಿ, ನೀನು ಬಿಟ್ಟು ಹೋದ ಕ್ಯಾನಿನ ಪೆಟ್ರೋಲನ್ನೇ ಸುರಿದು ದಾರ ಎಳೆದೆ. ಇಪ್ಪತ್ತು ಸಲ ಎಳೆದ ಮೇಲೆ ಹೊತ್ತಿತು. ಹೊಗೆಯೋ ಹೊಗೆ! ಅವ್ವ ಕೆಮ್ಮುತ್ತಾ ಕರುವನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಎರಡು ನಿಮಿಷಕ್ಕೆ ಅದು ಗುಟುಗುಟು ಎಂದು ನಿಂತಿತು, ಪಕ್ಕದ ಬೋಜನ ತೋಟದಲ್ಲಿ ಅಂದು ನಿಂತ ಹಾಗೆಯೇ. ಹೊಸ ಪ್ಲಗ್ ಬಿಚ್ಚಿ ನೋಡಿದರೆ ಅದೂ ಕಪ್ಪು. ಪ್ಲಗ್ಗನ್ನು ಅಲ್ಲೇ ಬಿಟ್ಟು ಜಗಲಿಯ ಮೇಲೆ ಕೂತುಬಿಟ್ಟೆ. ಮೆಷಿನ್ನಿಗಿಂತ ಹೆಚ್ಚಾಗಿ ಆ ದಿನ ನೆನಪಾಗಿ.

ಆ ದಿನದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ, ಅದಕ್ಕೆ ಬರೆದೇಬಿಡುತ್ತೇನೆ. ನನ್ನ ಮಣಿಕಟ್ಟು ಮುರಿದ ಮೇಲೆ ಮೆಷಿನ್ನು ನಿನ್ನ ಕೈಗೆ ಬಂತು. ಎರಡು ವರ್ಷ ನಮ್ಮ ತೋಟದ ಮರಗಸಿ ಮಾಡಿ ನೆರಳಿನ ಕೊಂಬೆ ಸವರಿದ್ದು, ಒಣಗಿದ ಮರ ತೆಗೆದದ್ದು ಎಲ್ಲ ನೀನೇ. ನೆಲಕ್ಕೆ ಕೋಲೊಂದನ್ನು ನೆಟ್ಟು, ಮರವನ್ನು ಸರಿಯಾಗಿ ಆ ಕೋಲಿನ ಮೇಲೇ ಬೀಳಿಸುತ್ತಿದ್ದೆ. ನಾನು ನೋಡಿಯೂ ನೋಡದವನ ಹಾಗೆ ಬೀಡಿ ಹಚ್ಚುತ್ತಿದ್ದೆ. ಒಂದು ಸಲವಾದರೂ ಭೇಷ್ ಅನ್ನಬಾರದಿತ್ತೇ? ಬೇರೆಯವರ ತೋಟದಿಂದಲೂ ನಿನಗೆ ಕರೆ ಬರಲು ಶುರುವಾಗಿತ್ತು. ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಎಂದು ನೀನು ಹೇಳಿದಾಗ, ನೋಡುವ ಎಂದಿದ್ದೆ. ಹೊರಗಿನ ಮೊದಲ ಕೆಲಸ ಬೋಜನದು. ಆ ಸಿಲ್ವರ್ ಓಕ್ ಅರ್ಧ ಕೊಯ್ದಿದ್ದಾಗ ಮೆಷಿನ್ನು ಹೊಗೆ ಕಕ್ಕಿ ನಿಂತಿತು. ಚೈನ್ ಸುತ್ತುವ ಪಟ್ಟಿ ಮರದೊಳಗೆ ಸಿಕ್ಕಿಕೊಂಡಿತು. ನೀನು ಎಲ್ಲರನ್ನೂ ದೂರ ಓಡಿಸಿದೆ, ಅದೊಂದು ಪುಣ್ಯ. ಗಾಳಿ ಬಂತು, ಮರ ನೀನು ನೆಟ್ಟ ಕೋಲಿನ ಕಡೆ ಬೀಳದೆ ಹಿಂದಕ್ಕೆ ತಿರುಗಿ ಕಾಳುಮೆಣಸಿನ ಬಳ್ಳಿಗಳ ಮೇಲೆ ಬಿತ್ತು. ಬೋಜ ಪಾಪ, ಯಾರಿಗೂ ಏನೂ ಆಗಲಿಲ್ಲವಲ್ಲ ಮಾರಾಯ, ಬಿಡು ಎಂದ. ಬಿಡದವನು ನಾನು. ಅಷ್ಟು ಜನ ಕೆಲಸದವರ ಎದುರು, "ಹೆಣ್ಣಿನ ಕೈಗೆ ಮೆಷಿನ್ ಕೊಟ್ಟದ್ದೇ ನನ್ನ ತಪ್ಪು ಬೋಜ. ಎಣ್ಣೆ ಕಲಸ್ಲಿಕ್ಕೂ ಗೊತ್ತಿಲ್ಲ ಇವಳಿಗೆ" ಎಂದೆ. ಕೆಲಸದವರಲ್ಲಿ ಆ ನಿಂಗ ಕಿಸಕ್ಕನೆ ನಕ್ಕ. ನೀನು ಪಟ್ಟಿ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಕವರ್ ಹಾಕಿ, ಮೆಷಿನ್ನನ್ನು ಭುಜಕ್ಕೇರಿಸಿ ನನಗಿಂತ ಮುಂದೆ ಮನೆಗೆ ನಡೆದೆ. ಒಂಬತ್ತನೇ ದಿನ ಕುಟ್ಟದ ಬಸ್ ಹತ್ತಿದೆ. ಆ ಮಾತನ್ನು ನಾನು ಆಡಬಾರದಿತ್ತು ಮೋನಿ. ಆಡಿದ ಮರುಗಳಿಗೆಯೇ ಗೊತ್ತಾಗಿತ್ತು. ಆದರೆ ಗಂಡಸು, ಅದರಲ್ಲೂ ಅಪ್ಪ, ಆಡಿದ್ದನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು ಎಂದು ಒಂಬತ್ತು ತಿಂಗಳು ಬಿಗಿದುಕೊಂಡು ಕೂತೆ.

ನನ್ನ ಕೈಲಿ ಆಗದೆ ಸೋಮವಾರ ಮಡಿಕೇರಿಗೆ, ಅಭಿಲಾಷನ ಅಂಗಡಿಗೆ ಕೊಂಡುಹೋದೆ. ಸ್ಪ್ರೇಯರು, ಪಂಪು, ಹುಲ್ಲು ಹೊಡೆಯುವ ಮೆಷಿನ್ನು ಎಲ್ಲ ರಿಪೇರಿ ಮಾಡುವ ಆ ಮಲಯಾಳಿ ನಿನಗೆ ಗೊತ್ತಲ್ಲ. ಅವನು ಮೊದಲು ಹಿಡಿದದ್ದು ಸೋರುವುದನ್ನು. ಚೈನಿಗೆ ಹೋಗುವ ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆದು, ಒಳಗಿನ ವಾಷರನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಎತ್ತಿ ಹಿಡಿದು, "ಇದನ್ನು ಯಾರು ಹಾಕಿದ್ದು ಅಣ್ಣಾ, ಸೈಕಲ್ ಟ್ಯೂಬಾ?" ಎಂದು ಕೇಳಿದ. ನಾನೇ ಹಾಕಿದ್ದು. ಮೂಲದ ವಾಷರ್ ಕಳೆದುಹೋದಾಗ ಟ್ಯೂಬು ಕತ್ತರಿಸಿ ಮಾಡಿದ್ದೆ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಎಣ್ಣೆಗೆ ಅದು ಉಬ್ಬಿ, ಮೆತ್ತಗಾಗಿ, ಎಲ್ಲ ಕಡೆಯಿಂದಲೂ ಬಿಡುತ್ತಿತ್ತು. "ಅಪ್ಪಾ, ಮುಚ್ಚಳಲಿ ಸೋರ್ತುಟ್ಟು, ವಾಷರ್ ಸರಿ ಇಲ್ಲೆ" ಎಂದು ನೀನು ಎಷ್ಟು ಸಲ ಹೇಳಿದ್ದೆ. ಪ್ಯಾಂಟಿನ ಬಲಗಾಲೆಲ್ಲ ಎಣ್ಣೆ ಮಾಡಿಕೊಂಡು ಬರುತ್ತಿದ್ದೆ. ನೀನು ಕಂಠದವರೆಗೆ ತುಂಬಿಸುತ್ತೀಯ, ಅದಕ್ಕೇ ಸೋರುವುದು ಎಂದು ನಾನು ನಿನ್ನನ್ನೇ ಗದರಿದೆ. ಅಭಿಲಾಷ ಹೊಸ ವಾಷರ್ ಹಾಕಿದ. ಒಳಗೆ ಬಿರುಕು ಬಿಟ್ಟಿದ್ದ ರಬ್ಬರ್ ಪೈಪನ್ನೂ ಬದಲಾಯಿಸಿದ. ಈಗ ಕಾಗದದ ಮೇಲೆ ರಾತ್ರಿಯೆಲ್ಲ ಇಟ್ಟರೂ ಒಂದು ಹನಿ ಕಲೆಯಿಲ್ಲ.

ಆಮೇಲೆ ಸೈಲೆನ್ಸರ್ ಬಿಚ್ಚಿದ. ಹೊಗೆ ಹೋಗುವ ದಾರಿ ಮುಕ್ಕಾಲು ಪಾಲು ಮಸಿಯಿಂದ ಕಟ್ಟಿಹೋಗಿತ್ತು. ಅವನು ಅದನ್ನು ಕೆರೆಯುತ್ತಾ ಕೆರೆಯುತ್ತಾ, "ಮೆಷಿನ್ನಿಗೆ ಏನೂ ಆಗಿಲ್ಲ ಅಣ್ಣಾ. ಎಣ್ಣೆ ಡಬಲ್ ಕುಡಿಸಿದ್ದೀರಿ, ಉಸಿರು ಕಟ್ಟಿದೆ ಅಷ್ಟೇ. ಪೆಟ್ರೋಲಿಗೆ ಎಣ್ಣೆ ಕಲಸೋದು ಯಾರು?" ಎಂದ. ನಾನು ಏನೋ ಒಂದು ಹೇಳಿ, ದುಡ್ಡು ಕೊಟ್ಟು, ಮೆಷಿನ್ನು ಎತ್ತಿಕೊಂಡು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯಬೇಕು ಎಂದುಕೊಂಡಿದ್ದವನು ಕುಡಿಯಲಿಲ್ಲ.

ಮನೆಗೆ ಬಂದು ನಿನ್ನ ಕ್ಯಾನನ್ನು ತೆಗೆದು ನೋಡಿದೆ. ಒಂದು ಲೀಟರಿನ ಮಟ್ಟಕ್ಕೆ ನೀನು ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಎಳೆದ ಗೆರೆ ಇನ್ನೂ ಹಾಗೇ ಇದೆ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಆ ಅಳತೆಯ ಪುಟ್ಟ ಮುಚ್ಚಳವನ್ನು ದಾರದಲ್ಲಿ ಕ್ಯಾನಿನ ಕೊರಳಿಗೆ ಕಟ್ಟಿದ್ದೀಯ. ಗೆರೆಯವರೆಗೆ ಪೆಟ್ರೋಲು, ಎರಡು ಮುಚ್ಚಳ ಟೂ-ಟಿ ಎಣ್ಣೆ, ಮೆಷಿನ್ನಿನ ಪುಸ್ತಕದಲ್ಲಿ ಹಾಗೇ ಬರೆದಿದೆ ಎಂದು ಮೊದಲ ವಾರವೇ ನನಗೆ ತೋರಿಸಿದ್ದೆ. ಹಳೆಯದನ್ನೆಲ್ಲ ಚೆಲ್ಲಿದೆ. ಕ್ಯಾನು ತೊಳೆದು, ನಿನ್ನ ಗೆರೆಯವರೆಗೆ ಹೊಸ ಪೆಟ್ರೋಲು ಹಾಕಿ, ಎರಡೇ ಮುಚ್ಚಳ ಎಣ್ಣೆ ಕಲಸಿ ದಾರ ಎಳೆದೆ. ಮೂರನೇ ಎಳೆತಕ್ಕೆ ಹೊತ್ತಿತು. ಮೊದಲಿಗೆ ಎಳೆಯಷ್ಟು ಹೊಗೆ, ಆಮೇಲೆ ಏನೂ ಇಲ್ಲ. ಹಿತ್ತಲಿನ ಒಣಗಿದ ಹಲಸಿನ ದಿಮ್ಮಿಯನ್ನು ಬೆಣ್ಣೆಯ ಹಾಗೆ ಕೊಯ್ಯಿತು. ಅವ್ವ ಬಾಗಿಲಿಗೆ ಬಂದು, ಹೊಗೆ ಹೇಗೆ ನಿಂತಿತು ಎಂದು ಕೇಳಿದಳು. ಹಳೇ ಪೆಟ್ರೋಲಿನ ದೋಷ ಎಂದೆ. ಅವಳು ನನ್ನನ್ನೇ ನೋಡಿ ಒಳಗೆ ಹೋದಳು.

ನಿನ್ನೆ ಸಂಜೆ ಬೋಜನ ಮನೆಗೂ ಹೋಗಿದ್ದೆ. ಮುಖ್ಯವಾದ ಒಂದು ಮಾತು ಹೇಳಬೇಕಿತ್ತು. ಕರಿಮೆಣಸಿನ ರೇಟು ಮಾತಾಡಿದೆವು, ಆನೆ ಬಂದ ಸುದ್ದಿ ಮಾತಾಡಿದೆವು, ಕಾಫಿ ಕುಡಿದೆ. ಹೊರಡುವಾಗ ಅವನೇ, ನಿನ್ನ ಮಗಳು ಇದ್ದಿದ್ದರೆ ಮನೆ ಹಿಂದಿನ ಎರಡು ಮರ ತೆಗೆಸಬಹುದಿತ್ತು ಎಂದ. ನಾನು ಟಾರ್ಚ್ ತೆಗೆದುಕೊಂಡು ಬಂದುಬಿಟ್ಟೆ.

ನಿನ್ನ ಚಿಕ್ಕಪ್ಪ ಕುಟ್ಟದಿಂದ ಕೋರ್ಟಿನ ಕೆಲಸಕ್ಕೆ ಬಂದವರು ನಿನ್ನೆ ರಾತ್ರಿ ನಮ್ಮಲ್ಲೇ ಉಳಿದಿದ್ದರು. ಇನ್ನೇನು ಹೊರಡುತ್ತಾರೆ, ಅವರ ಜೀಪಿನಲ್ಲಿ ಈ ಕಾಗದ ಬರುತ್ತದೆ. ಅವ್ವ ಒಂದು ಡಬ್ಬಿ ಕಡುಬಿನ ತರಿ, ಸಾರಿನ ಹುಳಿಗೆ ಕಾಚಂಪುಳಿಯ ಬಾಟಲಿ, ನಿನ್ನ ಹಸಿರು ಸ್ವೆಟರು ಕೊಟ್ಟಿದ್ದಾಳೆ. ಚಿಕ್ಕವ್ವನಿಗೆ ನಮ್ಮ ನೆನಪು ಹೇಳು. ನೀನು ಎಲ್ಲಿದ್ದರೂ ಕೈಕಾಲು ಗಟ್ಟಿಯಾಗಿರಲಿ, ಹಿಡಿದ ಕೆಲಸ ನಿನ್ನ ಮಾತು ಕೇಳಲಿ, ನಿನ್ನ ಅಪ್ಪನಂಥವರ ಮಾತು ನಿನ್ನನ್ನು ತಟ್ಟದಿರಲಿ. ಕಾವೇರಮ್ಮ ನಿನ್ನನ್ನು ಕಾಯಲಿ.

ಇತಿ ನಿನ್ನ ಅಪ್ಪ,
ಗುರುವಪ್ಪ

ತಾ.ಕ.: ಚಿಕ್ಕಪ್ಪ ಜೀಪು ತಿರುಗಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ, ಅಕ್ಷರ ನೋಡಬೇಡ. ಹಳೇ ಪೆಟ್ರೋಲಿನ ದೋಷ ಎಂದದ್ದು ಸುಳ್ಳು. ನೀನು ಸಂಜೆ ಕಲಸಿಟ್ಟ ಕ್ಯಾನಿಗೆ, ಬೆಳಗ್ಗೆ ಹಾಲು ಕರೆಯಲು ಎದ್ದಾಗ ನಾನು ಇನ್ನೆರಡು ಮುಚ್ಚಳ ಎಣ್ಣೆ ಸುರಿಯುತ್ತಿದ್ದೆ. ಹಾಲಿಗೆ ನೀರು ಬೆರೆಸುವವರ ಹಾಗೆ, ಕದ್ದು. ಮೊದಲ ವಾರದಿಂದ ಎರಡು ವರ್ಷ. ಬೋಜನಲ್ಲಿಗೆ ಹೋದ ದಿನವೂ. ಹುಡುಗನಾಗಿದ್ದಾಗ ನಾನು ಬಾಡಿಗೆಗೆ ತಂದ ಸ್ಪ್ರೇಯರ್ ಎಣ್ಣೆ ಸಾಲದೆ ಜಾಮ್ ಆಗಿತ್ತು, ಅದೇ ಹೆದರಿಕೆ ಎಂದು ಬರೆಯಲು ಹೊರಟಿದ್ದೆ. ಅದು ಅರ್ಧ ಮಾತ್ರ. ನಿನ್ನ ಅಳತೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ, ಅದು ಇನ್ನರ್ಧ. ಮರ ಹಿಂದಕ್ಕೆ ಬೀಳಿಸಿದ್ದು ನಾನು. ಸೋಮವಾರ ಅಭಿಲಾಷ ಎಣ್ಣೆ ಕಲಸುವುದು ಯಾರು ಎಂದಾಗಲೂ ನನ್ನ ಬಾಯಲ್ಲಿ ಬಂದದ್ದು "ಮಗಳು" ಎಂದೇ. ನಾಚಿಕೆಯಾಗುತ್ತದೆ ಬರೆಯಲು. ಭಾನುವಾರ ಬೋಜನ ಕಣದಲ್ಲಿ ಪಿಕ್ಕಿಂಗ್ ಮುಗಿದದ್ದಕ್ಕೆ ಊಟವಿದೆ, ಆ ದಿನ ಇದ್ದವರೆಲ್ಲ ಇರುತ್ತಾರೆ, ನಿಂಗನೂ. ಅವರೆಲ್ಲರೂ ಕೇಳುವ ಹಾಗೆ ಹೇಳುತ್ತೇನೆ. ನೀನು ಬರಬೇಕೆಂದಿಲ್ಲ, ಕ್ಷಮಿಸಬೇಕೆಂದೂ ಇಲ್ಲ. ಅವ್ವನಿಗೆ ಜೀಪು ಹೋದ ಮೇಲೆ ಹೇಳುತ್ತೇನೆ. ಮೆಷಿನ್ನು ಮಾರಲಿಲ್ಲ. ಜೀಪಿನ ಹಿಂದಿನ ಸೀಟಿನ ಕೆಳಗೆ, ಹೊಸ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೇನೆ, ಕ್ಯಾನು, ಮುಚ್ಚಳ ಎರಡೂ ಜೊತೆಗಿವೆ. ಅದು ನಿನ್ನದು, ಅಲ್ಲೇ ಕೆಲಸ ಮಾಡಿದರೂ ಸರಿ. ಉಳಿದದ್ದನ್ನು ಚೆಲ್ಲಿದ್ದೇನೆ, ಕ್ಯಾನು ಖಾಲಿ ಇದೆ. ನಾನು ಒಂದು ಹನಿಯೂ ಹಾಕಿಲ್ಲ. ನೀನೇ ಕಲಸಿಕೋ.